ಸೂಟಿಗೆ ಹುಕ್ಕೇರಿ

"ಮೂರು ಸೀಟ್ ಹಿಡೀರಿ," ಎಂದು ಮಾಲಿಂಗಪ್ಪ ಫೋನಿನಲ್ಲಿ ಟೂರ್ ಬಸ್ಸಿನವನಿಗೆ ಹೇಳುತ್ತಿದ್ದಾಗಲೇ ಅವನ ಹೆಂಡತಿ ನಂದಿನಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಕೈಗೆ ಹತ್ತಿದ್ದ ಜೋಳದ ಹಿಟ್ಟನ್ನೂ ತೊಳೆದಿರಲಿಲ್ಲ.

"ನನ್ನ ಸೀಟ್ ಬ್ಯಾಡ್ರಿ."

ಮಾಲಿಂಗಪ್ಪ ಫೋನಿಗೆ ಅಂಗೈ ಮುಚ್ಚಿದ. ಮೂಡಲಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಅವನು ವರ್ಷಕ್ಕೊಮ್ಮೆ, ಶಾಲೆಗೆ ಸೂಟಿ ಬಿಟ್ಟ ಮೇ ತಿಂಗಳಲ್ಲಿ ಶಟರ್ ಎಳೆದು, ಹೆಂಡತಿಯನ್ನೂ ತಾಯಿಯನ್ನೂ ಟೂರಿಗೆ ಕರೆದೊಯ್ಯುತ್ತಿದ್ದ. ಈ ಸಲ ಮೈಸೂರು, ಊಟಿ, ಕೊಡೈಕೆನಾಲ್.

"ಕ್ಯಾಮೆರಾ ತಗೊಂಡಾಕಿ ನೀನ. ಊಟಿಯಾಗ ಫೋಟೋ ತಗಿಯಾಕ ಏನ ಧಾಡಿ?"

ಧಾಡಿ ಏನೆಂದು ಆಕೆಗೆ ಹೋದ ಭಾನುವಾರವೇ ತಿಳಿದಿತ್ತು. ಕೌಜಲಗಿ ಸಾಲಿಯಲ್ಲಿ ಟೀಚರ್ ಆಗಿದ್ದ ನಂದಿನಿ ನಲವತ್ತು ದಾಟಿದ ಮೇಲೆ ಆಸೆಪಟ್ಟು ಕೊಂಡ ಕ್ಯಾಮೆರಾ ಅದು. ಗೋಕಾಕ ಫಾಲ್ಸಿಗೆ ಒಯ್ದು, ಗಂಡ ಬೈಕಿನ ಹಾರ್ನ್ ಬಾರಿಸುವುದರೊಳಗೆ ಕಂಡದ್ದನ್ನೆಲ್ಲ ಹೊಡೆದುಕೊಂಡಿದ್ದಳು. ಚಿತ್ರಗಳಲ್ಲಿ ಬಂಡೆ ಬೆಳ್ಳಗೆ, ಮಂದಿಯ ಮುಖ ಕಪ್ಪಗೆ ಬಂದಿತ್ತು. ಆದರೆ ಬರುವಾಗ ಗಾಲಿ ಪಂಕ್ಚರ್ ಆಗಿ ದಾರಿಬದಿ ಸುಮ್ಮನೆ ನಿಂತಾಗ, ಮಿರ್ಚಿ ಕರಿಯುವವಳ ಬಾಣಲೆಯ ಹೊಗೆಯಲ್ಲಿ ಬಿಸಿಲು ಕೋಲುಕೋಲಾಗಿ ಇಳಿದದ್ದು ಕಣ್ಣಿಗೆ ಬಿದ್ದು, ನಿಧಾನಕ್ಕೆ ಅದನ್ನು ಹೊಡೆದಿದ್ದಳು. ಆ ಒಂದು ಚಿತ್ರವನ್ನು ಅಂದಿನಿಂದ ದಿನಾ ತೆಗೆದು ನೋಡುತ್ತಿದ್ದಳು.

"ಓಡೂ ಬಸ್ಸಿನಾಗ ಆಗೂದಿಲ್ರಿ. ನಾ ಒಂದ ಕಡೆ ವಾರ ಇರಬೇಕು. ಹುಕ್ಕೇರಿ ಕಡೆ ಹಿಡಕಲ್ ಡ್ಯಾಮಿನ ನೀರ ಇಳದು, ಮುಳುಗಿದ ಗುಡಿ ಮ್ಯಾಲ ಬಂದೈತಂತ. ನಮ್ಮ ಸಾಲಿ ಪೂನಮ್ ಟೀಚರ ಮನಿ ಅಲ್ಲೇ ಐತಿ. ಇರಾಕ ಬಾ ಅಂದಾಳ."

"ಸೂಟಿಗೆ ಹುಕ್ಕೇರಿ?" ಮಾಲಿಂಗಪ್ಪ ನಗಲು ನೋಡಿದ, ಆಗಲಿಲ್ಲ. "ಗಂಡಾ ಹೆಂಡ್ತಿ ಜಗಳಾಡಿ ದಿಕ್ಕಿಗೊಬ್ರು ಹೋಗ್ಯಾರ ಅಂತಾರ ಮಂದಿ."

ಅದು ಆಕೆಗೂ ಹೊಳೆದಿತ್ತು. ಆದರೂ ಬಾಗಿಲು ಬಿಟ್ಟು ಸರಿಯಲಿಲ್ಲ.

ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ಅಲ್ಲವ್ವ ತಲೆಯೆತ್ತದೆ, "ನನ್ನ ಸೀಟೂ ತಗಿ," ಎಂದಳು. "ಹತ್ತೂದು, ಇಳಿಯೂದು. ಅದರಾಗ ನನಗರ ಏನ ಕಾಣತೈತಿ? ಅತ್ತಿ ಸೊಸಿ ಕೂಡಿ ಹೋದ್ರ ಯಾವ ಮಂದಿ ಏನಂತಾರ?"

ಮಾಲಿಂಗಪ್ಪ ಅಂಗೈ ತೆಗೆದು, ಬಿಗಿದ ಮುಖದಲ್ಲೇ, "ಒಂದ ಸೀಟ್ ಹಿಡೀರಿ," ಎಂದ.

ಹಿನ್ನೀರಿನ ದಂಡೆಯಲ್ಲಿ ಮೊದಲ ದಿನಗಳ ಚಿತ್ರಗಳೆಲ್ಲ ಕೆಟ್ಟವು. ಒಮ್ಮೆ ಗುಡಿ ಮಸಿ ಬಳಿದಂತೆ, ಒಮ್ಮೆ ಆಕಾಶ ಸುಣ್ಣ ಹೊಡೆದಂತೆ. ನಂದಿನಿಗೆ ಬೇಸರವೇ ಬರಲಿಲ್ಲ. ಗುಡಿ ಎಲ್ಲಿಗೂ ಹೊರಟಿರಲಿಲ್ಲ, ತಾನೂ ಹೊರಟಿರಲಿಲ್ಲ. ಮುಂಜಾನೆ ಏಳಲು ಅಲಾರಾಮಿನ ಹಂಗೂ ಬೇಕಾಗಲಿಲ್ಲ.

ಊಟಿಯಿಂದ ಮಾಲಿಂಗಪ್ಪ ಫೋನ್ ಮಾಡಿದ. "ಇವತ್ತೇನ ನೋಡಿದ್ರಿ?"

"ಅದ ಗುಡಿ."

"ನಿನ್ನೇನೂ ಅದನ್ನ ನೋಡಿದ್ರಲ್ಲ."

"ನಿನ್ನಿ ಬ್ಯಾರೆ ಇತ್ರಿ."

"ಇಲ್ಲೆ ಮಂಜ ಬಿದ್ದೈತಿ," ಎಂದ. "ನೀ ಇದ್ದಿದ್ರ ಛಲೋ ಫೋಟೋ ಬರ್ತಿತ್ತು."

ಮರುದಿನ ನಸುಕಿನಲ್ಲಿ ನಂದಿನಿ ನೀರಿನಂಚಿಗೆ ಕೂತು ಬೆಳಕು ಹೊಂದಿಸಲು ಕ್ಯಾಮೆರಾದ ಪುಟ್ಟ ಗಾಲಿ ತಿರುಗಿಸುತ್ತಿದ್ದಳು. ಅಲ್ಲವ್ವ ಚಪ್ಪಲಿ ಬಿಟ್ಟು, ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿದಳು.

"ಅತ್ತಿ, ಎಲ್ಲಿಗ್ರಿ?"

"ಒಳಗ ದೇವರ ಅದಾನೋ ಇಲ್ಲೋ, ನೋಡಿ ಬರ್ತೇನಿ."

ಪಾದ ಮುಳುಗುವಷ್ಟೇ ನೀರು. ಅಲ್ಲವ್ವ ಕೈ ಚಾಚಿ ತೂಗುತ್ತ ಗುಡಿಯ ಕಡೆ ನಡೆದಳು. ಕಂಬಗಳ ತುದಿಗೆ ಬಿಸಿಲು ತಾಗಿತು. ನಂದಿನಿ ಕ್ಯಾಮೆರಾ ಕಣ್ಣಿಗೆ ಹಿಡಿದು ಕಾದಳು. ಆ ಮುದುಕಿಯ ಹೆಜ್ಜೆಯಿಂದ ಎದ್ದ ಅಲೆ ಒಂದೊಂದಾಗಿ ಅಗಲವಾಗುತ್ತ ಬಂದು, ನಂದಿನಿಯ ಕಾಲ್ಬೆರಳನ್ನು ತೋಯಿಸಿತು.