ಏಳಕ್ಕೆ ಒಂದು

ಅಂಗಡಿಯಲ್ಲಿ ಬೆರೆಸಿಟ್ಟ ವಿನೆಗರ್ ಅರ್ಧ ಲೀಟರಿಗೆ ಎಪ್ಪತ್ತು ಸೋಮ್. ಅದೇ ಅಂಗಡಿಯ ಕೆಳಗಿನ ಹಲಗೆಯಲ್ಲಿರುವ ವಿನೆಗರ್ ಎಸೆನ್ಸಿನ ಪುಟ್ಟ ಸೀಸೆಗೆ ಐವತ್ತೈದು. ಒಂದು ಸೀಸೆ ಎಸೆನ್ಸಿಗೆ ಏಳು ಸೀಸೆ ನೀರು ಸೇರಿಸಿದರೆ ಒಂದೂವರೆ ಲೀಟರಿಗೂ ಮೇಲೆ ವಿನೆಗರ್ ಆಗುತ್ತದೆ. ಹಾಗಾಗಿ ನಮ್ಮ ಕರಾಕೋಲ್ ಊರಿನಲ್ಲಿ ಕೈ ಬಿಗಿಹಿಡಿದು ಸಂಸಾರ ಮಾಡುವ ಯಾವ ಹೆಂಗಸೂ ಬೆರೆಸಿಟ್ಟದ್ದನ್ನು ಕೊಳ್ಳುವುದಿಲ್ಲ. ಬಜಾರಿನಲ್ಲಿ ಆಶ್ಲ್ಯಾನ್‌ಫು ಮಾರುವವರಂತೂ ಅದರ ಕಡೆ ನೋಡುವುದೂ ಇಲ್ಲ. ತಣ್ಣನೆಯ ಆ ಶಾವಿಗೆಯ ಬಟ್ಟಲಿಗೆ ಖಾರ ಎಷ್ಟು ಬೇಕೋ ಹುಳಿಯೂ ಅಷ್ಟೇ ಬೇಕು. ಆದರೆ ನೀರು ಬೆರೆಸದ ಎಸೆನ್ಸ್ ಬಾಯಿ, ಗಂಟಲು ಸುಡುವ ಆಸಿಡ್. ಅದರ ಭಯ ನಮ್ಮ ಎಲ್ಲ ಅಡುಗೆಮನೆಗಳಲ್ಲೂ ಇದೆ. ಆ ಸೀಸೆಯೂ ಇದೆ.

ಅದಕ್ಕೇ ಬುರುಲ್‌ಸುನ್ ಟೀಚರ್ ಆರನೇ ತರಗತಿಯ ಮಕ್ಕಳಿಗೆ ಅನುಪಾತ ಕಲಿಸಲು ಆ ಸೀಸೆಯನ್ನೇ ಆರಿಸಿಕೊಂಡರು. ಮಕ್ಕಳಿಗೆ ಅವರು ಬುರುಲ್ ಏಜೆ, ಅಂದರೆ ಬುರುಲಕ್ಕ. ಗಣಿತದಲ್ಲಿ ಅವರ ತರಗತಿ ಪ್ರತಿ ವರ್ಷ ಜಿಲ್ಲೆಗೇ ಮೊದಲು. ಅವರು ಹೊಡೆಯುತ್ತಿರಲಿಲ್ಲ, ಕಿರುಚುತ್ತಲೂ ಇರಲಿಲ್ಲ. ತಪ್ಪಿದವರನ್ನು ಒಂದು ಮಾತಿನಲ್ಲಿ ನಗೆಗೀಡು ಮಾಡುತ್ತಿದ್ದರು, ಅಷ್ಟೆ. ತರಗತಿ ಗೊಳ್ಳೆಂದು ನಗುತ್ತಿತ್ತು. ಅದರಿಂದ ಪಾಠ ಚುರುಕಾಗುತ್ತದೆ ಎಂಬುದು ಅವರ ನಂಬಿಕೆ.

ಬೋರ್ಡಿನ ಮೇಲೆ 7 : 1 ಎಂದು ಬರೆದು ಅವರು ಸೀಮೆಸುಣ್ಣ ಕುಟ್ಟಿದರು.

“ಮಾತು ಸಾಕು, ಇನ್ನು ಬರೀ ಅಂಕಿ. ಎರಡು ಲೀಟರಿನ ವಿನೆಗರ್ ಕ್ಯಾನ್ ತುಂಬಬೇಕು. ಸಮಾನುಪಾತ ಹಾಕಿ, ಬೇಗ.”

ಕಿಟಕಿ ಪಕ್ಕದ ಬೆಂಚಿನಿಂದ ಒಂದು ಕೈ ಅರ್ಧಕ್ಕೆ ಎದ್ದಿತು. ರುಕಿಯಾಳದು. ಅವಳ ತಾಯಿ ಜೈನಪ್ ಬಜಾರಿನಲ್ಲಿ ಆಶ್ಲ್ಯಾನ್‌ಫು ಮಾರುವ ಡುಂಗಾನ್ ಜನಾಂಗದ ಹೆಂಗಸು.

“ಏಜೆ, ಅದರಲ್ಲಿ ಏಳು ಅಂದ್ರೆ ಯಾವುದು...”

“ಕೇಳಿದ್ರೇನ್ರೋ! ಆಶ್ಲ್ಯಾನ್‌ಫು ಮನೆ ಮಗಳಿಗೇ ವಿನೆಗರ್ ಗೊತ್ತಿಲ್ವಂತೆ!”

ಎಲ್ಲರೂ ನಕ್ಕರು. ಪಕ್ಕದ ಹುಡುಗಿ ಇನ್ನಷ್ಟು ನಗಿಸುವ ಆಸೆಯಿಂದ ಹೇಳಿದಳು: “ಏಜೆ, ಅವರಮ್ಮನ ಕೈಗೆ ಚಾಕು ತಾಗಿದೆ. ಇವತ್ತಿಂದ ಇವಳೇ ಬೆರೆಸ್ತಾಳಂತೆ!”

“ಹಾಗಾದ್ರೆ ನಾನು ಇವತ್ತು ಮನೇಲೇ ಉಣ್ತೀನಮ್ಮ. ಏನೇ ರುಕಿಯಾ, ಈಗ ಗೊತ್ತಾಯ್ತೋ ಇಲ್ವೋ?”

“ಗೊತ್ತಾಯ್ತು, ಏಜೆ.”

“ಏನು ಗೊತ್ತಾಯ್ತು?”

“ಏಳಕ್ಕೆ ಒಂದು.”

“ಹಾಂ, ಕೂತ್ಕೋ.”

ಮಧ್ಯಾಹ್ನ ಆ ಮಕ್ಕಳು ಮನೆಗೆ ಹೋದರು; ಎರಡನೇ ಪಾಳಿಯ ಮಕ್ಕಳು ಬಂದರು. ಅದೇ ಪಾಠ, ಅದೇ ಲೆಕ್ಕ. ಈ ಸಲ ಅಂಕಿಯ ಬದಲು ಚಿತ್ರ ಬರೆಯಲು ಒಬ್ಬ ಹುಡುಗನನ್ನು ಬೋರ್ಡಿಗೆ ಕರೆದರು. ಅವನು ನಾಲಿಗೆ ಕಚ್ಚಿಕೊಂಡು ಸಾಲಾಗಿ ಏಳು ಸೀಸೆ ಎಸೆನ್ಸ್ ಬರೆದ. ಪಕ್ಕದಲ್ಲಿ ಒಂದೇ ಒಂದು ಲೋಟ ನೀರು ಬರೆದ.

ಬುರುಲ್ ಏಜೆಗೆ ನಗು ಬಂತು. “ಅಯ್ಯೋ ಮಹಾರಾಯ, ನಿನ್ನ ಕೈಲಿ ಸಾಲಡ್ ತಿಂದವರು...” ಎಂದು ಶುರು ಮಾಡಿದ ಮಾತು ಅಲ್ಲಿಗೇ ನಿಂತಿತು. ಅವರು ಬೋರ್ಡನ್ನೇ ನೋಡಿದರು. 7 : 1. ಯಾವುದು ಏಳು, ಯಾವುದು ಒಂದು ಎಂದು ಅವರು ಎಲ್ಲೂ ಬರೆದಿರಲಿಲ್ಲ. ಬೆಳಿಗ್ಗೆಯೂ ಬರೆದಿರಲಿಲ್ಲ. ಬೆಳಿಗ್ಗೆ ಒಬ್ಬಳು ಕೇಳಿದ್ದಳು.

“ಎಲ್ಲ ಸುಮ್ನೆ ಕೂತಿರಿ” ಎಂದವರೇ ಕೋಟು ಎಳೆದುಕೊಂಡು ಹೊರಗೆ ಓಡಿದರು.

ಬಜಾರಿಗೆ ಹೋಗುವ ವ್ಯಾನು ಪ್ರತಿ ಮೂಲೆಯಲ್ಲೂ ನಿಂತು ಜನ ಹತ್ತಿಸಿಕೊಳ್ಳುತ್ತಿತ್ತು. ಬಾಗಿಲ ಬಳಿ ಬಗ್ಗಿ ನಿಂತ ಬುರುಲ್ ಏಜೆಯ ತಲೆ ಬೇಡವೆಂದರೂ ಲೆಕ್ಕ ಮಾಡುತ್ತಿತ್ತು. ಸೀಸೆಯಲ್ಲಿ ನೂರಕ್ಕೆ ಎಪ್ಪತ್ತು ಭಾಗ ಆಸಿಡ್. ಏಳು ಪಾಲು ಅದು, ಒಂದು ಪಾಲು ನೀರು, ನೂರಕ್ಕೆ ಅರವತ್ತೊಂದು. ಬಟ್ಟಲಿಗೆ ಎರಡು ಚಮಚ. ಊಟದ ಹೊತ್ತಿನಲ್ಲಿ ಜೈನಪ್ ಗಂಟೆಗೆ ಎಷ್ಟು ಬಟ್ಟಲು ಮಾರುತ್ತಾಳೆ? ನಲವತ್ತು? ಅದರಲ್ಲಿ ಮಕ್ಕಳು ಎಷ್ಟು? ಜೀವನದಲ್ಲಿ ಮೊದಲ ಸಲ ಅವರಿಗೆ ಲೆಕ್ಕದ ಉತ್ತರ ಬೇಡವಾಗಿತ್ತು.

ಆಶ್ಲ್ಯಾನ್‌ಫು ಸಾಲಿನಲ್ಲಿ ಎಂದಿನ ಗದ್ದಲ. ಒಬ್ಬ ಲಾರಿ ಡ್ರೈವರು ಕಣ್ಣೀರು ಸುರಿಸುತ್ತ ಕೆಮ್ಮುತ್ತಿದ್ದ. ಬುರುಲ್ ಏಜೆ ಅವನತ್ತ ಓಡಿದರು. ಅವನು ಕಣ್ಣೊರೆಸಿಕೊಂಡು ನಕ್ಕ: “ಜೈನಪ್, ಖಾರ ಅಂದ್ರೆ ಇದಪ್ಪ! ಇನ್ನೊಂದು ಹಾಕು.” ಹಾಗೆನ್ನುತ್ತ ಮೇಜಿನ ಮೇಲಿದ್ದ ವಿನೆಗರ್ ಸೀಸೆಗೆ ಕೈ ಹಾಕಿದ. ಬುರುಲ್ ಏಜೆ ಅದನ್ನು ಕಿತ್ತುಕೊಂಡರು.

“ಏನಮ್ಮಾ ಇದು, ಹುಳಿಗೂ ರೇಷನ್ನಾ?”

ಪಕ್ಕದ ಅಂಗಡಿಯವಳು ಕೂಗಿದಳು: “ಬಟ್ಟಲು ಮುಚ್ಕೊಳ್ರೇ, ಲೆಕ್ಕದ ಟೀಚರ್ ಬಂದವ್ರೆ! ಶಾವಿಗೆ ಎಳೆ ಎಣಿಸ್ತಾರೆ!”

ಬುರುಲ್ ಏಜೆ ಸೀಸೆಯನ್ನು ಮೂಸಿದರು. ಸಾಧಾರಣ ಹುಳಿ ವಾಸನೆ. “ಇದನ್ನ ಯಾರು ಬೆರೆಸಿದ್ದು?”

“ನಾನೇ, ಮೊನ್ನೆ,” ಎಂದಳು ಜೈನಪ್. ಅವಳ ಬಲಗೈಗೆ ದಪ್ಪ ಬ್ಯಾಂಡೇಜು. “ಮುಗೀತಾ ಬಂತು. ರುಕಿಯಾ ಹೊಸದು ಬೆರೆಸಿ ತರ್ಬೇಕಿತ್ತು. ಯಾಕೋ ಇನ್ನೂ ಬಂದಿಲ್ಲ. ಯಾಕೆ ಏಜೆ, ಏನಾಯ್ತು? ಮುಖ ಯಾಕೆ ಹಿಂಗಿದೆ?”

“ಮನೆ ಎಲ್ಲಿ? ನಡೀರಿ, ಹೇಳ್ತೀನಿ.”

ದಾರಿಯುದ್ದಕ್ಕೂ ಹೇಳಿದರು. ಜೈನಪ್‌ಳ ನಡಿಗೆ ಓಟವಾಯಿತು.

ಗೇಟು ತೆರೆದೇ ಇತ್ತು. ಅಂಗಳದ ಮೆಟ್ಟಿಲ ಮೇಲೆ ಎರಡು ಲೀಟರಿನ ಕ್ಯಾನ್ ಇತ್ತು. ಅದರ ಸುತ್ತ ಖಾಲಿಯಾದ ಎಸೆನ್ಸ್ ಸೀಸೆಗಳು. ಇಡೀ ತಿಂಗಳಿಗೆಂದು ತಂದಿಟ್ಟದ್ದು. ದೂರದಿಂದಲೇ ಮೂಗು ಉರಿಯುವ ಘಾಟು. ರುಕಿಯಾ ಗೋಡೆಯ ನೆರಳಿನಲ್ಲಿ ಉಳಿದಿದ್ದ ಹಿಮದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದನ್ನು ಬೊಗಸೆಯಲ್ಲಿ ತೆಗೆದು ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ಅಮ್ಮನನ್ನು ಕಂಡು ಎದ್ದು ನಿಂತಳು. ಟೀಚರನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ಬಾಯಿ ತೆಗಿ,” ಎಂದಳು ಜೈನಪ್.

ಅವಳು ತೆಗೆಯಲಿಲ್ಲ. ತಲೆ ಅಲ್ಲಾಡಿಸಿದಳು. ಜೈನಪ್ ಗಾಯವಿಲ್ಲದ ಕೈಯಿಂದ ಗಲ್ಲ ಹಿಡಿದೆತ್ತಿದಳು. ತುಟಿ ಬೆಳ್ಳಗೆ ಸುಲಿದಿತ್ತು. ನಾಲಿಗೆಯ ತುದಿ ಬೇಯಿಸಿದ ಮಾಂಸದ ಹಾಗೆ ಬಿಳಿಚಿತ್ತು.

“ನುಂಗಿದ್ಯಾ? ಹೇಳೇ! ನುಂಗಿದ್ಯಾ?”

ಇಲ್ಲವೆಂದು ತಲೆ ಅಲ್ಲಾಡಿಸಿದಳು. ಆದರೂ ಯಾರಿಗೂ ಧೈರ್ಯ ಬರಲಿಲ್ಲ. ಬುರುಲ್ ಏಜೆ ನೀರು ತಂದು ಮತ್ತೆ ಮತ್ತೆ ಬಾಯಿ ಮುಕ್ಕಳಿಸಿಸಿದರು. ಪಕ್ಕದ ಮನೆಯವನ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಗಂಟಲು ನೋಡಿ ಹೇಳುವವರೆಗೆ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಬಿಳಿ ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಏಳುತ್ತಿದ್ದರು. ಬೇರೆ ಯಾರಿಗೋ ಕರೆ ಬಂದಿರುತ್ತಿತ್ತು, ಮತ್ತೆ ಕೂರುತ್ತಿದ್ದರು.

“ಗಂಟಲಿಗೆ ಇಳಿದಿಲ್ಲ,” ಎಂದರು ಕೊನೆಗೆ ವೈದ್ಯರು. “ನೆಕ್ಕಿ ಉಗಿದಿದ್ದಾಳೆ. ತುಟಿ ವಾಸಿಯಾಗುತ್ತೆ. ನಾಲಿಗೆ ತುದಿಯ ವಿಷಯ ಈಗಲೇ ಹೇಳಕ್ಕಾಗಲ್ಲ.”

ರುಕಿಯಾ ಹೊರಗೆ ಬಂದು ಅಮ್ಮನ ಪಕ್ಕ ಕೂತಳು. ಜೈನಪ್ ಅಳುತ್ತ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟು ತಬ್ಬಿಕೊಂಡಳು. “ಘಾಟು ಹೊಡೀತಾ ಇತ್ತಲ್ಲೇ, ಗೊತ್ತಾಗ್ಲಿಲ್ವಾ? ಬಜಾರು ಎಷ್ಟು ದೂರ? ಬಂದು ನನ್ನ ಕೇಳೋಕೆ ಏನಾಗಿತ್ತು?”

ಹುಡುಗಿ ಉಬ್ಬಿದ ನಾಲಿಗೆಯಲ್ಲಿ ತೊದಲುತ್ತ ಹೇಳಿದಳು. “ಅನುಮಾನ ಬಂತು. ಅದಕ್ಕೇ ನೆಕ್ಕಿ ನೋಡ್ದೆ.”

“ನೆಕ್ಕೋ ಬದ್ಲು ಕೇಳ್ಬಾರ್ದಿತ್ತಾ?”

“ಕೇಳಿದ್ರೆ ನೀನು ಬೈತೀಯ. ಏಜೆ ನಗ್ತಾರೆ. ನಾಲಿಗೆ ಏನೂ ಅನ್ನಲ್ಲ.”

ಬುರುಲ್ ಏಜೆ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. “ನಮ್ಮ ಟೀಚರ್‌ಗಳು ಇನ್ನೂ ಕಠಿಣ ಇದ್ರು, ಜೈನಪ್. ಹೆದರಿಕೊಂಡೇ ನಾವೂ ಕಲಿತ್ವಿ. ಮಕ್ಕಳು ಚುರುಕಾಗ್ಲಿ ಅಂತ...”

“ನಾನೂ ಮನೇಲಿ ಹಂಗೇ ಅಲ್ವಾ, ಏಜೆ? ‘ಕಣ್ಣಿಲ್ವಾ, ನೋಡಿ ಕಲಿ’ ಅಂತೀನಿ. ನಿಮ್ಮೊಬ್ರನ್ನೇ ಹೆಂಗೆ ಬೈಲಿ?” ಜೈನಪ್ ಮೂಗು ಒರೆಸಿಕೊಂಡಳು. “ಆದ್ರೆ ಬೈಬೇಕು ಅನ್ನಿಸ್ತಾ ಇದೆ.”

“ಬೈಯಿರಿ.”

ಜೈನಪ್ ಮಗಳ ತಲೆವಸ್ತ್ರ ಸರಿಮಾಡಿದಳು.

ಮರುದಿನ ಬುರುಲ್ ಏಜೆ ತರಗತಿಗೆ ಬಂದು 7 : 1 ಎಂದು ಬರೆದರು. ಏಳರ ಕೆಳಗೆ ‘ನೀರು’, ಒಂದರ ಕೆಳಗೆ ‘ಎಸೆನ್ಸ್’ ಎಂದು ಬರೆದರು. “ನಿನ್ನೆ ನಾನು ಇದನ್ನ ಬರೀಲಿಲ್ಲ. ರುಕಿಯಾ ಕೇಳಿದ್ಲು. ನಾನು ಹೇಳೋ ಬದ್ಲು ನಕ್ಕೆ. ತಪ್ಪು ನನ್ನದು” ಎಂದರು. “ಅರ್ಥ ಆಗದೆ ಇರೋರು ಕೇಳಿ.”

ಯಾರೂ ಕೇಳಲಿಲ್ಲ. ಇಷ್ಟು ವರ್ಷ ಕೂತ ಹೆದರಿಕೆ ಒಂದು ಮಾತಿಗೆ ಎದ್ದು ಹೋಗುವಂಥದ್ದಲ್ಲ. ಮುಂದಿನ ವಾರವೂ ಎಲ್ಲರಿಗೂ ‘ಗೊತ್ತಾಯ್ತು’. ಬುರುಲ್ ಏಜೆ ಈಗ ಆ ಮಾತನ್ನು ನಂಬುತ್ತಿರಲಿಲ್ಲ. “ಏಳು ಏನು? ಒಂದು ಏನು?” ಎಂದು ಒಬ್ಬೊಬ್ಬರನ್ನೇ ಮೆಲ್ಲಗೆ ವಿಚಾರಿಸುತ್ತ ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದರು.

ರುಕಿಯಾ ಶಾಲೆಗೆ ಮರಳಿದ ದಿನ ವೇಗದ ಲೆಕ್ಕ ನಡೆಯುತ್ತಿತ್ತು. ಅರ್ಧ ಪಾಠವಾದ ಮೇಲೆ ಅವಳ ಕೈ ಎದ್ದಿತು.

“ಏಜೆ, ಗಂಟೆಗೆ ಇಷ್ಟು ಅನ್ನೋ ದರ ಅಂದ್ರೇನು ಅಂತಾನೇ ನಂಗೆ ಅರ್ಥ ಆಗಿಲ್ಲ. ಮೊದ್ಲಿಂದ.”

ಹಿಂದಿನ ಬೆಂಚು ಅಭ್ಯಾಸದಂತೆ ಕಿಸಕ್ಕೆಂದಿತು; ಎಲ್ಲರೂ ಟೀಚರ ಮುಖ ನೋಡಿದರು. ಆ ಮುಖದಲ್ಲಿ ನಗು ಇರಲಿಲ್ಲ. ಹುಡುಗಿಗಿಂತ ಹೆಚ್ಚು ಹೆದರಿದವರ ಹಾಗೆ ಕಂಡರು. ಬೋರ್ಡು ಒರೆಸಿ, ರುಕಿಯಾಳ ಬೆಂಚಿಗೆ ಬಂದು ಪಕ್ಕದಲ್ಲಿ ಕೂತು, “ಜರುಗು. ಮೊದಲಿಂದ ಹೇಳ್ತೀನಿ,” ಎಂದರು. ಅವರು ಮುಗಿಸುವುದರೊಳಗೆ ಇನ್ನೂ ಮೂರು ಕೈ ಎದ್ದಿದ್ದವು.

ರುಕಿಯಾಳ ನಾಲಿಗೆಯ ತುದಿಗೆ ಈಗಲೂ ಹುಳಿ ತಿಳಿಯುವುದಿಲ್ಲ. ಆ ವರ್ಷ ಪಾಠ ಎರಡು ಅಧ್ಯಾಯ ಹಿಂದೆ ಬಿತ್ತು, ಜಿಲ್ಲೆಯ ಮೊದಲ ಸ್ಥಾನ ಬೇರೆ ಶಾಲೆಗೆ ಹೋಯಿತು. ಬುರುಲ್ ಏಜೆಯ ತರಗತಿಯಲ್ಲಿ ಗೊತ್ತಿಲ್ಲದೆಯೇ ‘ಗೊತ್ತಾಯ್ತು’ ಎನ್ನುವ ಮಕ್ಕಳು ಕಡಿಮೆಯಾದರು.