ಡೇಗಿನ ತಳ

ಶಾಕೀರನಿಗೆ ಅಂಗಡಿ ಇರಲಿಲ್ಲ. ಕೂಡ್ಲಿಗಿಯಲ್ಲಿ ಬಾಡಿಗೆ ಟ್ರ್ಯಾಕ್ಸ್ ಜೀಪುಗಳ ಸ್ಟ್ಯಾಂಡಿನ ಪಕ್ಕ, ಮುಚ್ಚಿದ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಟೇಪು, ರೇಡಿಯೊ ರಿಪೇರಿ ಮಾಡುತ್ತಿದ್ದ. ಬಿಸಿಲು ಸರಿದಂತೆ ಗೋಣಿಚೀಲವೂ ಸರಿಯುತ್ತಿತ್ತು. ಬೆಸುಗೆ ಹಾಕಲು ಕರೆಂಟನ್ನು ಎದುರಿನ ಹೋಟೆಲಿನಿಂದ ಎಳೆದುಕೊಂಡಿದ್ದ. ಹೋಟೆಲಿನವರು ಗ್ರೈಂಡರ್ ಹಾಕಿದರೆ ಇವನ ಕೆಲಸ ನಿಲ್ಲುತ್ತಿತ್ತು.

ಅವನ ಮುಂದೆ ಕಾರಿನ ಎರಡು ಆಂಪ್ಲಿಫೈಯರುಗಳು ಬಿದ್ದಿದ್ದವು. ಮೇಲಿನ ಕವಚವಿಲ್ಲ, ಬರೀ ಹಸಿರು ಬೋರ್ಡು. ಟ್ರ್ಯಾಕ್ಸ್ ಓಡಿಸುವ ಅಂಜಿನೇಯಲು ಹೊಸಪೇಟೆಯ ಗುಜರಿಯಿಂದ ತಂದು ಕೊಟ್ಟಿದ್ದ. ಕವಚವೆಂದರೆ ಮುಚ್ಚಳ ಮಾತ್ರವಲ್ಲ, ಬೋರ್ಡಿನ ಕಾವನ್ನು ಹೀರಿ ಗಾಳಿಗೆ ಬಿಡುವುದೂ ಅದೇ. ಅದಿಲ್ಲದೆ ಹಾಕಿದರೆ ಒಂದು ಹಾಡು ಮುಗಿಯುವುದರೊಳಗೆ ಎಲ್ಲ ಸುಟ್ಟುಹೋಗುತ್ತದೆ.

"ಏನಲೇ ಇದು, ಚರ್ಮ ಸುಲಿದ ಕುರಿ ಇದ್ದಂಗ ಐತಿ," ಎಂದ ಗಾದಿಲಿಂಗ. ಚಾಲಕರ ಸಂಘಕ್ಕೆ ಅವನೇ ಹಿರಿಯ. "ಇದು ಹಾಡ್ತೈತಾ?"

"ಹಾಡ್ತೈತಿ ಕಾಕಾ. ಇದಕ್ಕೊಂದು ಮನಿ ಕಟ್ಟಬೇಕು, ಅಷ್ಟ."

"ತನಗ ಕುಂದ್ರಾಕ ನೆರಳಿಲ್ಲ, ಇದಕ್ಕ ಮನಿ ಕಟ್ಟಾಕ ಹೊಂಟಾನ ನೋಡ್ರಪಾ," ಎಂದು ಗಾದಿಲಿಂಗ ಉಳಿದ ಚಾಲಕರ ಕಡೆ ತಿರುಗಿದ. ಎಲ್ಲರೂ ನಕ್ಕರು. ಶಾಕೀರನೂ ನಕ್ಕ.

ಸ್ಟ್ಯಾಂಡಿನ ಮೂಲೆಯಲ್ಲಿ ಸಂಘದ ಕೋಣೆಯೊಂದು ಖಾಲಿ ಬಿದ್ದಿತ್ತು. ಕಬ್ಬಿಣದ ಷಟರು, ಒಳಗೊಂದು ಕರೆಂಟು ಪಾಯಿಂಟು. ಅದನ್ನು ಶಾಕೀರ ಕೇಳಿದ್ದ, ಪಂಚರ್ ಹಾಕುವ ಓಬಳೇಶಪ್ಪನೂ ಕೇಳಿದ್ದ.

"ಶುಕ್ರವಾರ ಹರಪನಹಳ್ಳಿಗೆ ಮದುವಿ ಪಾರ್ಟಿ ಹೊಂಟೈತಿ," ಎಂದ ಗಾದಿಲಿಂಗ. "ಹೋಗಿ ಬರೋತನಕ ನಿನ್ನ ಪೆಟಗಿ ಹಾಡ್ತು ಅಂದ್ರ ಕೋಣಿ ನಿನಗ. ನಾವೂ ಸೌಂಡಿಗೆ ಹೊಸಪೇಟಿಗೆ ಅಲೆಯೋದು ತಪ್ಪತೈತಿ. ನಡುವ ನಿಂತ್ರ ಓಬಳೇಶಪ್ಪಗ. ಆಮ್ಯಾಲ ನನ್ನ ಬೈಬ್ಯಾಡ."

ಕಾವು ಹೀರಲು ದಪ್ಪ ಅಲ್ಯೂಮಿನಿಯಂ ಬೇಕಿತ್ತು. ಗುಜರಿಯಲ್ಲಿ ಸಿಕ್ಕದ್ದೆಲ್ಲ ತಗಡು. ಗಿರಣಿಯ ಹಿಂದಿನ ಮನೆಯಲ್ಲಿ ಅವನ ತಾಯಿ ಜೈತುನ್ ಬೀ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮೂಲೆಯಲ್ಲಿ ಅವಳ ಡೇಗು ಇತ್ತು. ಓಣಿಯಲ್ಲಿ ಯಾರ ಮದುವೆಯಾದರೂ ಬಿರಿಯಾನಿ ಆ ದಪ್ಪ ತಳದ ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲೇ ಬೇಯುತ್ತಿತ್ತು. ಗಂಡ ಮೌಲಾಸಾಬ್ ತೀರಿಕೊಂಡ ಮೇಲೆ ಅದರಲ್ಲಿ ಜೋಳ ತುಂಬಿದ್ದಳು. ಮಗ ಅದರ ತಳವನ್ನು ಬೆರಳಿನಿಂದ ಬಡಿದು ನೋಡುವುದನ್ನು ಕಂಡಳು.

"ತಗೋ," ಎಂದಳು.

"ಬ್ಯಾಡಮ್ಮಾ. ಬ್ಯಾರೆ ಏನಾರ ನೋಡ್ತೀನಿ."

"ಇಬ್ಬರ ಅನ್ನಕ್ಕ ಡೇಗು ಏರಸ್ತಾರೇನು? ತಗೋ ಅಂದ್ರ ತಗೋ."

ಜೋಳವನ್ನು ತಾನೇ ಚೀಲಕ್ಕೆ ಸುರಿದಳು. ಶಾಕೀರ ಗರಗಸದ ಬ್ಲೇಡಿನಿಂದ ತಳವನ್ನು ಕೊಯ್ದು ಎರಡು ಮಾಡಿದ. ಕಿಟಕಿ ಚೌಕಟ್ಟಿನ ತುಂಡುಗಳನ್ನು ಪಕ್ಕೆಲುಬಿನಂತೆ ಕೆಳಗೆ ಕೂರಿಸಿದ. ಬೋರ್ಡಿನಲ್ಲಿ ಬಿಸಿಯೇರುವ ಟ್ರಾನ್ಸಿಸ್ಟರುಗಳಿಗೆ ಮೈಕಾ ಹಾಳೆ ಇಟ್ಟು, ಬಿಳಿ ಪೇಸ್ಟು ಸವರಿ, ತಳಕ್ಕೆ ಬಿಗಿದ. ಪೆಟ್ಟಿಗೆಗೆ ತನ್ನ ಶಾಲೆಯ ಟ್ರಂಕೇ ಆಯಿತು. ಒಂದು ಕಡೆ ಸಾಲಾಗಿ ತೂತುಗಳನ್ನು ಹೊಡೆದ, ಎದುರು ಕಡೆ ಕೆಟ್ಟ ಕಂಪ್ಯೂಟರಿನ ಫ್ಯಾನು ಕೂರಿಸಿದ. ಗಾಳಿ ತೂತಿನಿಂದ ಬಂದು, ಡೇಗಿನ ತಳವನ್ನು ಸವರಿಕೊಂಡು, ಫ್ಯಾನಿನಿಂದ ಹೊರಬೀಳಬೇಕು. ಆ ರಸ್ತೆಯಲ್ಲಿ ಓಡುವ ಅದಿರು ಲಾರಿಗಳ ಕೆಂಪು ಧೂಳು ಒಳಗೆ ಹೋಗದಿರಲೆಂದು ತೂತುಗಳ ಒಳಗಡೆ ನೈಲಾನ್ ಸೀರೆಯ ತುಂಡು ಅಂಟಿಸಿದ.

ಗುರುವಾರ ಪೆಟ್ಟಿಗೆ ಟ್ರ್ಯಾಕ್ಸಿನ ಹಿಂದಿನ ಸೀಟಿನ ಕೆಳಗೆ ಕೂತಿತು. ಹಾಡು ಹಚ್ಚಿ, ಶಾಕೀರ ಊದಿನಕಡ್ಡಿ ಹಚ್ಚಿ ತೂತಿನ ಹತ್ತಿರ ಹಿಡಿದ.

"ಪೂಜಿ ಮಾಡಾಕ ಹತ್ತೀ ಏನಲೇ?" ಎಂದ ಅಂಜಿನೇಯಲು.

"ಹೊಗಿ ಎತ್ತಾಗ ಹೋಗ್ತೈತಿ ನೋಡಣ್ಣಾ."

ಹೊಗೆ ತೂತಿನೊಳಗೆ ಎಳೆದುಕೊಂಡು ಹೋಗಿ ಫ್ಯಾನಿನ ಕಡೆಯಿಂದ ಹೊರಬಂತು. ಕ್ಯಾಸೆಟ್ಟಿನ ಎರಡೂ ಮಗ್ಗುಲು ಮುಗಿದ ಮೇಲೂ ಟ್ರಂಕಿನ ಮೇಲೆ ಅಂಗೈ ಇಟ್ಟರೆ ತಡೆಯುವಷ್ಟೇ ಬಿಸಿ. ಹಾಡು ಕೇಳಿ ಬಂದಿದ್ದ ಜೈತುನ್ ಬೀ ಬಗ್ಗಿ ನೋಡಿದಳು.

"ಇಷ್ಟು ತೂತು ಬಿಟ್ಟೀಯಲ್ಲೋ ಬೇಟಾ. ಧೂಳು ಹೊಗಂಗಿಲ್ಲೇನು?"

"ಜಾಳಗಿ ಹಾಕೀನಿ, ಬಿಡಮ್ಮಾ," ಎಂದ. ತೂತು ಯಾಕೆ ಬೇಕು ಎಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅಂಗಡಿಗೆ ಏನು ಹೆಸರಿಡುತ್ತೀ ಎಂದು ಮಾತ್ರ ಕೇಳಿದಳು.

ಶುಕ್ರವಾರ ಅವನು ಜುಮ್ಮಾ ನಮಾಜು ಮುಗಿಸಿ ಬರುವಷ್ಟರಲ್ಲಿ ಗಾಡಿಗಳು ಹೊರಟುಹೋಗಿದ್ದವು. ಶಾಕೀರ ಸಂಘದ ಕೋಣೆಯ ಷಟರಿನ ಸಂದಿಯಲ್ಲಿ ಇಣುಕಿದ. ಮೇಜು ಎಡಕ್ಕೆ ಹಾಕಿದರೆ ಬೆಳಕು ಬೀಳುತ್ತದೆ ಎಂದುಕೊಂಡ.

ಹೊತ್ತು ಇಳಿಯುವಾಗ ಗಾಡಿಗಳು ಬಂದವು. ದೂರದಿಂದ ಕೇಳಬೇಕಾಗಿದ್ದ ಹಾಡು ಕೇಳಲಿಲ್ಲ. ಅಂಜಿನೇಯಲು ಇಳಿದವನು ಬಾಗಿಲು ಹಾಕದೆ ಅಲ್ಲೇ ನಿಂತ.

"ಕೊಟ್ಟೂರಾಗ ಮಂದಿ ಅಂಗಡಿ ಬಿಟ್ಟು ಹೊರಗ ಬಂದು ಕೇಳಿದ್ರಲೇ. ಊರು ದಾಟಿದ ಮ್ಯಾಲ ಕೊರ್ ಕೊರ್ ಅಂತು. ಸುಟ್ಟ ವಾಸನಿ ಬಂತು. ಅಷ್ಟ, ಮುಗೀತು. ಮುಂದಿನ ದಾರಿ ತುಂಬ ಬೀಗರು ನಮ್ಮನ್ನ ನೋಡಿ ನಕ್ಕೊಂತ ಬಂದ್ರು."

ಶಾಕೀರ ಸೀಟಿನ ಕೆಳಗೆ ಬಗ್ಗಿದ. ಟ್ರಂಕು ಕಾಣಲಿಲ್ಲ. ಕೆಂಪು ಸ್ಯಾಟಿನ್ನಿನ ಹೊದಿಕೆ ಅದನ್ನು ನಾಲ್ಕೂ ಕಡೆಯಿಂದ ಮುಚ್ಚಿತ್ತು. ಅಂಚಿಗೆ ಝಾಲರು, ಒಳಗೆ ದಪ್ಪ ಕೋರಾ ಬಟ್ಟೆಯ ಪದರ, ಅಡಿಯಲ್ಲಿ ಬಿಗಿಯಾಗಿ ಕಟ್ಟಿದ ಲಾಡಿ. ಮನೆಮನೆಯ ಟೀವಿಗೆ, ಮಿಕ್ಸಿಗೆ ಅವನ ತಾಯಿ ಹೊಲಿದುಕೊಡುವಂಥದ್ದೇ. ತೂತುಗಳ ಮೇಲೆ ಸರಿಯಾಗಿ ಹಳದಿ ದಾರದಲ್ಲಿ 'ಶಾಕೀರ್ ಸೌಂಡ್ಸ್' ಎಂದಿತ್ತು.

"ಇದನ್ನ ಯಾರು ಹಾಕಿದ್ದಣ್ಣಾ?"

"ನಿಮ್ಮಮ್ಮನ ಹಾಕಿದ್ರು. ಹೊಂಡೋ ಮುಂದ ಓಡಿ ಬಂದು ಕಟ್ಟಿದ್ರು. ಚಂದ ಐತಿ ಅಂತ ನಾನೂ ಸುಮ್ಮನಾದೆ."

ಗಾದಿಲಿಂಗ ಕೋಣೆಯ ಕೀಲಿ ಹಿಡಿದುಕೊಂಡು ಬಂದ. ಹಾರ್ನು ಕೇಳಿ ಜೈತುನ್ ಬೀಯೂ ಬಂದಿದ್ದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮಗನ ಮುಖವನ್ನು ನೋಡುತ್ತಿದ್ದಳು.

"ಹೇಳಪಾ," ಎಂದ ಗಾದಿಲಿಂಗ. "ನೀ ಕಟ್ಟಿದ್ದ ತಪ್ಪೋ, ಮತ್ತೇನಾರ ಆಗೈತೋ? ಬ್ಯಾರೆ ಏನಾರ ಇದ್ರ ಹೇಳು, ಇನ್ನೊಂದು ಸಲ ನೋಡೋಣು."

ಶಾಕೀರ ಲಾಡಿ ಬಿಚ್ಚಿದ. ಹೊದಿಕೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಧೂಳು ಕಾಕಾ," ಎಂದ. "ಅದಿರಿನ ಧೂಳು ಒಳಗ ಹೊಕ್ಕೈತಿ. ನಾನು ವಿಚಾರ ಮಾಡಲಿಲ್ಲ."

"ಈ ರೋಡಿನಾಗ ಧೂಳು ಐತಿ ಅಂತ ಹೊಸಪೇಟಿಯವರು ಬಂದು ಹೇಳಬೇಕಿತ್ತೇನು?"

ಗಾದಿಲಿಂಗ ಕೀಲಿ ಹಿಡಿದು ಓಬಳೇಶಪ್ಪನ ಪಂಚರ್ ಬಂಡಿಯ ಕಡೆ ನಡೆದ.

"ನಾ ಅಂದಿದ್ದಿಲ್ಲೇನು?" ಎಂದಳು ಜೈತುನ್ ಬೀ, ಮೆಲ್ಲಗೆ. "ಹೊದಿಕಿ ತೆಳ್ಳಗಾತು. ಮುಂದಿನದಕ್ಕ ಒಳಗ ಎರಡು ಪದರ ಹಾಕ್ತೀನಿ."

"ಹಾಕಮ್ಮಾ."

ಅವಳು ಹೋದ ಮೇಲೆ ಅವನು ಕಟ್ಟೆಯ ಮೇಲೆ ಟ್ರಂಕು ಬಿಚ್ಚಿದ. ನೈಲಾನ್ ತುಂಡಿಗೆ ಒಂದಿಷ್ಟೂ ಧೂಳು ಹತ್ತಿರಲಿಲ್ಲ; ಹೊದಿಕೆ ಧೂಳಿನ ಜೊತೆ ಗಾಳಿಯನ್ನೂ ತಡೆದಿತ್ತು. ಹೊದಿಕೆಗೂ ಏನೂ ಆಗಿರಲಿಲ್ಲ. ಹೋದದ್ದು ಎರಡು ಬೋರ್ಡು, ಒಂದು ಫ್ಯಾನು, ಒಂದು ಡೇಗು, ಒಂದು ಕೋಣೆ.