ಹಿಗ್ಗಿಸಿದ ಬೂಟು

ಸಕ್ಕರೆ ಡಬ್ಬಿಯ ಬೀಗ ತೆಗೆಯಲು ಹೋದವಳಿಗೆ ಕೈಯೇ ಏಳಲಿಲ್ಲ. ಹೊರಕೋಣೆಯಲ್ಲಿ ಗಂಡನ ಹೆಣ, ಸುತ್ತ ಬಂದವರು, ಅವರಿಗೆ ಚಹಾ ಆಗಬೇಕು. ಕೊನೆಗೆ ಮಗನೇ ಕೀಲಿ ತೆಗೆದುಕೊಂಡು ಬೀಗ ತೆಗೆದ.

ಆ ಬೀಗ ಹಾಕಿದವಳು ಅವಳೇ. ಬೂಟು ಹೊಲಿಯುವ ಗಂಡ ಸಕ್ಕರೆ ಕಾಯಿಲೆ ಬಂದಂದಿನಿಂದ ಪಥ್ಯ ತಪ್ಪಿದವನಲ್ಲ. ಆದರೂ ದಿನೇದಿನೇ ಸೊರಗಿದ. ಅವನ ಅಣ್ಣನಿಗೂ ಅದೇ ಕಾಯಿಲೆ. ಆ ಮಹಾರಾಯ ಕಂಡದ್ದೆಲ್ಲ ತಿಂದು ಗುಂಡುಕಲ್ಲಿನ ಹಾಗಿದ್ದ. ಅಂದಮೇಲೆ ಇವನು ಕದ್ದು ತಿನ್ನದೆ ಇರುತ್ತಾನೆಯೇ? ಹಾಗಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಈಗ ಆ ಭಾವ ಲೋಟ ಹಿಡಿದು ಕೂತಿದ್ದರು. “ಬಾಯಿ ಕಟ್ಟಿದ್ದಿದ್ರೆ ಇನ್ನೂ ಇರ್ತಿದ್ದ ಕಣಮ್ಮ,” ಎಂದರು, ಮತ್ತೊಂದು ಚಮಚ ಸಕ್ಕರೆ ಬೆರೆಸುತ್ತ. ಅವಳ ಮೈಯೆಲ್ಲ ಉರಿಯಿತು. ಆದರೆ ಆ ಮಾತು ಅವಳದ್ದೇ.

*

ಗಂಡ ಬದುಕಿದ್ದಾಗ ಒಂದು ಸಂಜೆ ಹೇಳದೆ ಕೇಳದೆ ಅವನ ಅಂಗಡಿಗೆ ನುಗ್ಗಿ ಮೂಲೆಮೂಲೆ ತಡಕಾಡಿದ್ದಳು. ಸಿಕ್ಕಿದ್ದು ಸಿಹಿಯಲ್ಲ, ಅವನದೇ ಬೂಟು. ಪಾದದಾಕಾರದ ಮರದ ಅಚ್ಚಿಗೆ ಚರ್ಮದ ತುಂಡು ಅಂಟಿಸಿ ದಪ್ಪ ಮಾಡಿ, ಬೂಟನ್ನು ಹಿಗ್ಗಿಸಲು ಅದಕ್ಕೆ ತೊಡಿಸಿಟ್ಟಿದ್ದ.

“ಪಾದ ಊದ್ಕೊತಿದೆ ಕಣೇ. ಡಾಕ್ಟರ ಹತ್ರ ಹೋದ್ರೆ, ತಿಂದೇ ಹೀಗಾಯ್ತು ಅಂತೀಯ. ಅದಕ್ಕೆ ಬೂಟನ್ನೇ ಸಡಿಲ ಮಾಡ್ಕೊತಿದೀನಿ.”

“ತಿನ್ನೋದು ಬಿಡಿ, ಊತ ತಾನಾಗೇ ಇಳಿಯತ್ತೆ,” ಅಂದಿದ್ದಳು.

ಬೂಟು ಹಿಗ್ಗಿಸುತ್ತ ಹಿಗ್ಗಿಸುತ್ತ ಕಾಲ ಮೀರಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದರು.

“ಇದು ಕದ್ದು ತಿಂದು ಬಂದಿದ್ದಲ್ಲಮ್ಮ. ಸಕ್ಕರೆ ಕಾಯಿಲೆಗೆ ಬೇಗ ಸೋಲೋ ಕಿಡ್ನಿ ಕೆಲವರಿಗೆ ಹುಟ್ಟಿನಿಂದಲೇ ಬಂದಿರತ್ತೆ. ಅಣ್ಣನಿಗೆ ಇಲ್ದೆ ತಮ್ಮನಿಗಿರಬಹುದು. ನಿಮ್ಮ ಮಗನಿಗೂ ಸಕ್ಕರೆ ಇದೆ ಅಂದ್ರಲ್ಲ, ಅವನ ಮೂತ್ರ ಪರೀಕ್ಷೆ ಮಾಡ್ಸಿ.”

ಮಗ ನಕ್ಕುಬಿಟ್ಟಿದ್ದ. ಸಿಹಿ ಮುಟ್ಟದ ತನಗೆ ಏನಾಗತ್ತೆ ಅಂದಿದ್ದ. ಅವಳೂ ಗಂಡನ ಆರೈಕೆಯ ಗಡಿಬಿಡಿಯಲ್ಲಿ ಅಷ್ಟಕ್ಕೇ ಬಿಟ್ಟಿದ್ದಳು.

*

ಹೆಣ ಎತ್ತುವ ಹೊತ್ತಾಯಿತು. ಬಾಗಿಲಲ್ಲಿ ಎಲ್ಲರೂ ತಮ್ಮತಮ್ಮ ಚಪ್ಪಲಿ, ಬೂಟು ಹುಡುಕುತ್ತಿದ್ದರು. ಹೊಸ್ತಿಲ ಬಳಿ ಮಗನ ಬೂಟಿತ್ತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಅಪ್ಪನೇ ಅಳೆದು ಹೊಲಿದದ್ದು. ಅವನು ಕಾಲು ತೂರಿಸಿದ, ಮುಖ ಕಿವುಚಿ ಹೊರತೆಗೆದ. ಯಾರೂ ನೋಡಲಿಲ್ಲವೆಂದುಕೊಂಡು ಅದನ್ನು ಗೋಡೆಯತ್ತ ಸರಿಸಿ, ಅಪ್ಪನ ಬೂಟು ಎತ್ತಿಕೊಂಡ.

ಅವಳು ನೋಡಿದ್ದಳು. ಮಗ ಮೆಟ್ಟಿಲ ಮೇಲೆ ಕೂತು, ಆ ಹಿಗ್ಗಿಸಿದ ಬೂಟಿನ ಲೇಸನ್ನು ಇನ್ನಷ್ಟು ಸಡಿಲ ಮಾಡುತ್ತಿದ್ದ.